ಕೋಲಾರ ಸೀಮೆಯ ಗ್ರಂಥಾಲಯಗಳಲ್ಲಿ ಹದಿಹರೆಯದವರ ಓದು–ಬರಹದ ಬಳಗವನ್ನು ಕಟ್ಟುವ ಬಗೆ

ಕೋಲಾರ ಜಿಲ್ಲೆಯ ಪಟ್ಟಣಗಳ ಗ್ರಂಥಾಲಯಕ್ಕೆ ಸಂಜೆಯ ಹೊತ್ತು ಹೋಗಿ ನೋಡಿದರೆ ಸಾಮಾನ್ಯವಾಗಿ ಎರಡು ಬಗೆಯ ಓದುಗರು ಕಾಣುತ್ತಾರೆ. ದಿನಪತ್ರಿಕೆಗಳ ಮೇಜಿನ ಸುತ್ತ ಹಿರಿಯರು ಕುಳಿತಿರುತ್ತಾರೆ; ಉಳಿದ ಕುರ್ಚಿಗಳಲ್ಲಿ ಪೊಲೀಸ್ ಕಾನ್‌ಸ್ಟೇಬಲ್, ಎಸ್‌ಡಿಎ, ಎಫ್‌ಡಿಎ, ಕೆಎಎಸ್ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವ ಯುವಕ ಯುವತಿಯರು ತಲೆ ಎತ್ತದೆ ಓದುತ್ತಿರುತ್ತಾರೆ. ಒಂದು ಬದಿಗೆ ಗೋಡೆಯ ಮೇಲೆ ಬಣ್ಣದ ಚಿತ್ರ ಬರೆಸಿದ ಮಕ್ಕಳ ಮೂಲೆಯೂ ಇರಬಹುದು, ಆದರೆ ಅಲ್ಲಿನ ಕುರ್ಚಿಗಳು ಮೂರನೆಯ ತರಗತಿಯ ಮಗುವಿನ ಅಳತೆಯವು. ಎಂಟನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಹುಡುಗ ಹುಡುಗಿಯರು ಈ ಎರಡರ ನಡುವೆ ಎಲ್ಲಿ ಕೂರಬೇಕೆಂದು ತಿಳಿಯದೆ ಬಾಗಿಲಿನಿಂದಲೇ ಹಿಂತಿರುಗುತ್ತಾರೆ. ಅವರಿಗಾಗಿ ವಾರಕ್ಕೊಮ್ಮೆ ಒಂದು ಬಳಗವನ್ನು ನಡೆಸಬೇಕೆಂದಿರುವ ಗ್ರಂಥಾಲಯದ ಮೇಲ್ವಿಚಾರಕರಿಗೆ, ಶಿಕ್ಷಕರಿಗೆ, ಊರಿನ ಆಸಕ್ತರಿಗೆ ಈ ಬರಹ. ಮುಳಬಾಗಿಲು ಕಡೆಯ ಒಂದು ಹಳ್ಳಿಯಲ್ಲಿ ಇಂಥ ಬಳಗವನ್ನು ಕೆಲವು ವರ್ಷ ನಡೆಸಿ, ಮೊದಲನೆಯ ವರ್ಷ ಪೂರ್ತಿ ತಪ್ಪುಗಳನ್ನೇ ಮಾಡಿದ ಅನುಭವ ಇದರ ಹಿಂದಿದೆ.

ಅನುಮತಿ, ಜಾಗ, ಹೊತ್ತು

ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಈಗ ಅವುಗಳ ಫಲಕದ ಮೇಲೆ ‘ಅರಿವು ಕೇಂದ್ರ’ ಎಂಬ ಹೆಸರನ್ನು ಕಾಣುತ್ತೇವೆ. ಆದ್ದರಿಂದ ಹಳ್ಳಿಯಲ್ಲಾದರೆ ಪಂಚಾಯಿತಿಯ ಅಧ್ಯಕ್ಷರನ್ನೂ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನೂ, ಪಟ್ಟಣದಲ್ಲಾದರೆ ಆ ಗ್ರಂಥಾಲಯದ ಅಧಿಕಾರಿಯನ್ನು ಕಂಡು ಒಂದು ಪುಟದ ಮನವಿ ಕೊಡಬೇಕು. ಮನವಿಯಲ್ಲಿ ವಾರದ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾವ ಕೋಣೆ, ಜವಾಬ್ದಾರಿ ಯಾರದು ಎಂಬುದಿಷ್ಟನ್ನು ಬರೆದರೆ ಸಾಕು. ಉದ್ದೇಶಗಳ ಉದ್ದ ಪಟ್ಟಿಯನ್ನು ಯಾರೂ ಓದುವುದಿಲ್ಲ. ಹಣ ಕೇಳದೆ ಜಾಗ ಮಾತ್ರ ಕೇಳಿದರೆ ಅನುಮತಿ ಬೇಗ ಸಿಗುತ್ತದೆ ಎಂಬುದು ನನ್ನ ಅನುಭವ. ಹಾಗೆಂದು ಗ್ರಂಥಾಲಯಕ್ಕೆ ಹಣವೇ ಇಲ್ಲವೆಂಬ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ: ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ 1965ರ ಅಡಿಯಲ್ಲಿ ನಾವು ಕಟ್ಟುವ ಆಸ್ತಿ ತೆರಿಗೆಯ ಪ್ರತಿ ರೂಪಾಯಿಯ ಮೇಲೆ 6 ಪೈಸೆ ಗ್ರಂಥಾಲಯ ಕರವಾಗಿ ಸೇರುತ್ತದೆ. ಬಳಗ ಒಂದು ವರ್ಷ ನಡೆದು ಊರಿನವರ ಕಣ್ಣಿಗೆ ಬಿದ್ದ ಮೇಲೆ ಈ ಲೆಕ್ಕವನ್ನು ಮುಂದಿಟ್ಟು ಪುಸ್ತಕ ಕೇಳುವುದು ಸುಲಭ.

ಜಾಗದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹದಿಹರೆಯದವರ ಬಳಗವೆಂದರೆ ಮಾತು, ನಗು, ಕುರ್ಚಿ ಎಳೆಯುವ ಸದ್ದು. ಪರೀಕ್ಷೆಗೆ ಓದುವವರಿಗೆ ಬೇಕಾದದ್ದು ನಿಶ್ಶಬ್ದ. ಎರಡನ್ನೂ ಒಂದೇ ಕೋಣೆಯಲ್ಲಿ ಒಂದೇ ಹೊತ್ತಿಗೆ ಇರಿಸಿದರೆ ಎರಡನೆಯ ವಾರವೇ ಜಗಳವಾಗುತ್ತದೆ, ಮತ್ತು ಆ ಜಗಳದಲ್ಲಿ ಸೋಲುವವರು ಚಿಕ್ಕವರೇ. ಹಿಂದಿನ ವರಾಂಡ, ಮಾಳಿಗೆ, ಪಕ್ಕದ ಅಂಗನವಾಡಿಯ ಅಂಗಳ, ಏನೂ ಇಲ್ಲದಿದ್ದರೆ ಗ್ರಂಥಾಲಯದ ಮುಂದಿನ ಹೊಂಗೆಮರದ ನೆರಳು, ಯಾವುದಾದರೂ ಆದೀತು. ಪುಸ್ತಕಗಳನ್ನು ಒಂದು ಬುಟ್ಟಿಯಲ್ಲಿ ಹೊತ್ತು ತಂದರೆ ಆಯಿತು.

ಹೊತ್ತನ್ನು ನಿಗದಿ ಮಾಡುವಾಗ ಗಡಿಯಾರಕ್ಕಿಂತ ಊರಿನ ದುಡಿಮೆಯನ್ನು ನೋಡಬೇಕು. ನಮ್ಮ ಜಿಲ್ಲೆಯಲ್ಲಿ ಬೆಳಿಗ್ಗೆ ಮತ್ತು ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿನಲ್ಲಿ ಹೈಸ್ಕೂಲು ಮಕ್ಕಳಿಗೆ ಮನೆಯಲ್ಲಿ ಕೆಲಸವಿರುತ್ತದೆ. ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟುವ ವಾರ ಯಾರೂ ಎಲ್ಲಿಗೂ ಹೋಗುವಂತಿಲ್ಲ. ಶ್ರೀನಿವಾಸಪುರದ ಕಡೆ ಮಾವಿನ ಕೊಯಿಲಿನ ತಿಂಗಳುಗಳಲ್ಲಿ ತೋಟದಲ್ಲಿ ಎಲ್ಲರ ಕೈಯೂ ಬೇಕು. ನಾನು ಮೊದಲು ಸಂಜೆ ಐದೂವರೆಗೆ ಇಟ್ಟುಕೊಂಡು, ಯಾರೂ ಬರುವುದಿಲ್ಲವೆಂದು ಮಕ್ಕಳನ್ನೇ ಬೈದುಕೊಂಡೆ. ಭಾನುವಾರ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡರವರೆಗೆ ಎಂದು ಬದಲಾಯಿಸಿದ ಮೇಲೆ ಹೆಣ್ಣುಮಕ್ಕಳೂ ಬಂದರು, ಏಕೆಂದರೆ ಕತ್ತಲಾಗುವ ಮುನ್ನ ಮನೆ ಸೇರುವ ಪ್ರಶ್ನೆ ಆಗ ಏಳುವುದಿಲ್ಲ. ಸಾರ್ವಜನಿಕ ಗ್ರಂಥಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ವಾರದ ರಜೆಯಾದ್ದರಿಂದ ಭಾನುವಾರ ಬಾಗಿಲು ತೆರೆದಿರುತ್ತದೆ.

ಕರೆಯುವ ಬಗೆ

ಸೂಚನಾ ಫಲಕದಲ್ಲಿ ಹಾಳೆ ಅಂಟಿಸಿ ಕಾಯುವುದರಿಂದ ಪ್ರಯೋಜನವಿಲ್ಲ. ಹತ್ತಿರದ ಪ್ರೌಢಶಾಲೆಗೆ, ಪಿಯು ಕಾಲೇಜಿಗೆ, ಹಿಂದುಳಿದ ವರ್ಗಗಳ ಹಾಗೂ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಿಗೆ ಖುದ್ದಾಗಿ ಹೋಗಬೇಕು. ಹಾಸ್ಟೆಲಿನ ಮಕ್ಕಳನ್ನು ಮರೆಯಬಾರದು; ಭಾನುವಾರ ಅವರಿಗೆ ಎಲ್ಲರಿಗಿಂತ ಉದ್ದವಾದ ದಿನ, ಮತ್ತು ವಾರ್ಡನ್ನರ ಅನುಮತಿ ಒಂದು ಸಲ ಸಿಕ್ಕರೆ ಅವರಷ್ಟು ತಪ್ಪದೆ ಬರುವವರು ಬೇರೆ ಇಲ್ಲ. ಶಾಲೆಗೆ ಹೋದಾಗ ಓದಿನ ಮಹತ್ವದ ಮೇಲೆ ಭಾಷಣ ಮಾಡಬೇಡಿ. ಒಂದು ಕಥೆಯನ್ನು ಏಳೆಂಟು ನಿಮಿಷ ಗಟ್ಟಿಯಾಗಿ ಓದಿ, ಅದು ಬಿಗಿಯಾದ ತಿರುವಿಗೆ ಬಂದಾಗ ಪುಸ್ತಕ ಮುಚ್ಚಿ, ಉಳಿದದ್ದು ಭಾನುವಾರ ಗ್ರಂಥಾಲಯದಲ್ಲಿ ಎಂದು ಹೇಳಿ ಹೊರಟುಬಿಡಿ.

ಮೊದಲ ವಾರ ಆರು ಮಂದಿ ಬಂದರೆ ಅದು ಒಳ್ಳೆಯ ಆರಂಭವೇ. ಬಳಗದ ಹೆಸರು, ನಿಯಮಗಳು, ಗೋಡೆಯ ಯಾವ ಭಾಗ ತಮ್ಮದು ಎಂಬುದನ್ನು ಆ ಆರು ಮಂದಿಯೇ ತೀರ್ಮಾನಿಸಲಿ. ಹಿರಿಯರು ಆರಿಸಿದ ಹೆಸರುಗಳಲ್ಲಿ ‘ಜ್ಞಾನ’ ಅಥವಾ ‘ಚಿಂತನ’ ಇದ್ದೇ ಇರುತ್ತದೆ. ಮಕ್ಕಳಿಗೆ ಬಿಟ್ಟರೆ ಅವರ ಊರಿನ ಕೆರೆಯ ಹೆಸರೋ ಬಸ್ಸಿನ ಹೆಸರೋ ಬರುತ್ತದೆ, ಬರಲಿ. ಸದಸ್ಯತ್ವದ ವಿಷಯಕ್ಕೆ ಬಂದರೆ, 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವವಿದೆ. ಮೊದಲ ದಿನವೇ ಅರ್ಜಿ ತುಂಬಿಸಿ, ಕಾರ್ಡು ಅವರ ಕೈಗೇ ಕೊಡಿಸಿ. ತಂದೆ ತಾಯಿಯ ಒಪ್ಪಿಗೆಯ ಸಹಿ ಮತ್ತು ಫೋನ್ ಸಂಖ್ಯೆ ಇರುವ ಚೀಟಿಯನ್ನು ಎರಡನೆಯ ವಾರದೊಳಗೆ ತರಿಸಿಕೊಳ್ಳಬೇಕು.

ಓದಿಸುವುದು

ಮೊದಲು ಬೀರುವಿನ ಬೀಗ ತೆಗೆಸಬೇಕು. ನಮ್ಮ ಅನೇಕ ಗ್ರಂಥಾಲಯಗಳಲ್ಲಿ ಒಳ್ಳೆಯ ಪುಸ್ತಕಗಳು ಗಾಜಿನ ಹಿಂದೆ ಭದ್ರವಾಗಿರುತ್ತವೆ, ಓದುಗರ ಕೈಗೆ ಸಿಗುವುದು ಹಳೆಯ ಗೈಡುಗಳು ಮಾತ್ರ. ಇದಕ್ಕೆ ಮೇಲ್ವಿಚಾರಕರನ್ನು ದೂರಿ ಫಲವಿಲ್ಲ. ಒಂದು ಪುಸ್ತಕ ಕಾಣೆಯಾದರೆ ಅದರ ಲೆಕ್ಕವನ್ನು ತಾವೇ ಕೊಡಬೇಕಾಗುತ್ತದೆಂಬ ಭಯ ಅವರಿಗಿರುತ್ತದೆ. ಇದಕ್ಕೆ ನಾವು ಕಂಡುಕೊಂಡ ದಾರಿಯೆಂದರೆ, ದಾನವಾಗಿ ಬಂದ ಪುಸ್ತಕಗಳಿಗೆ ಬೇರೆಯೇ ಒಂದು ರಿಜಿಸ್ಟರ್ ಇಟ್ಟು, ಅವುಗಳನ್ನು ಬಳಗದ ಕಪಾಟಿನಲ್ಲಿ ಬೀಗವಿಲ್ಲದೆ ಇಡುವುದು. ಅದರಲ್ಲಿ ಕಳೆದುಹೋದದ್ದಕ್ಕೆ ಯಾರೂ ಹೊಣೆಯಲ್ಲವೆಂದು ರಿಜಿಸ್ಟರಿನ ಮೊದಲ ಪುಟದಲ್ಲಿಯೇ ಬರೆದಿಟ್ಟೆವು. ಕಳೆದದ್ದು ಕಡಿಮೆ, ಆದರೆ ಹಾಳೆ ಕಿತ್ತು ಬಂದದ್ದು ಸಾಕಷ್ಟಿತ್ತು, ಅದು ಪುಸ್ತಕ ಓದಿಸಿಕೊಂಡ ಗುರುತು ಎಂದುಕೊಂಡೆ. ಕಪಾಟಿನಲ್ಲಿ ಪುಸ್ತಕಗಳ ಬೆನ್ನು ಕಾಣುವಂತೆ ಒತ್ತಿ ಜೋಡಿಸುವುದಕ್ಕಿಂತ ಹದಿನೈದು ಇಪ್ಪತ್ತು ಪುಸ್ತಕಗಳ ಮುಖಪುಟ ಕಾಣುವಂತೆ ನಿಲ್ಲಿಸಿ, ಹದಿನೈದು ದಿನಕ್ಕೊಮ್ಮೆ ಬದಲಾಯಿಸಬೇಕು.

ಯಾವ ಪುಸ್ತಕ ಎಂಬ ಪ್ರಶ್ನೆಗೆ ಹಿರಿಯರ ಪಟ್ಟಿ ಉತ್ತರವಾಗದು. ಸಣ್ಣಕಥೆ, ಪತ್ತೇದಾರಿ, ಕಾಡು–ಪ್ರಾಣಿಗಳ ಬರಹ, ಕ್ರಿಕೆಟ್ ಆಟಗಾರರ ಜೀವನ, ಚಿತ್ರಕಥೆ, ವಿಜ್ಞಾನದ ಪ್ರಯೋಗಗಳು, ಎಲ್ಲವೂ ಇರಲಿ. ಸಣ್ಣಕಥೆಯಿಂದ ಆರಂಭಿಸಲು ನಮ್ಮ ಜಿಲ್ಲೆಗೆ ವಿಶೇಷ ಕಾರಣವೂ ಇದೆ: 1983ರ ಜ್ಞಾನಪೀಠ ಪ್ರಶಸ್ತಿ ಪಡೆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಊರು ಮಾಲೂರು ತಾಲ್ಲೂಕಿನ ಮಾಸ್ತಿ, ಮತ್ತು ಒಂದೇ ಬೈಠಕ್ಕಿನಲ್ಲಿ ಗಟ್ಟಿಯಾಗಿ ಓದಿ ಮುಗಿಸಬಹುದಾದ ಕಥೆಗಳನ್ನು ಅವರು ಬಹಳ ಬರೆದಿದ್ದಾರೆ. ಆದರೆ ಊರಿನ ಹೆಮ್ಮೆಗಾಗಿ ಓದಿಸಲು ಹೋದರೆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಇಷ್ಟವಾಗದ ಪುಸ್ತಕವನ್ನು ಅರ್ಧಕ್ಕೆ ಬಿಡಬಹುದು ಎಂಬುದು ಬಳಗದ ಮೊದಲ ನಿಯಮವಾಗಿರಬೇಕು. ಬಿಟ್ಟವರು ಎಷ್ಟನೆಯ ಪುಟದಲ್ಲಿ, ಏಕೆ ಬಿಟ್ಟರೆಂದು ಒಂದು ಸಾಲು ಹೇಳಿದರೆ ಸಾಕು. ಆ ಒಂದು ಸಾಲಿನ ಮೇಲೆ ನಡೆಯುವ ಚರ್ಚೆ ಪೂರ್ತಿ ಓದಿದವರ ಸಾರಾಂಶಕ್ಕಿಂತ ಬಿಸಿಯಾಗಿರುತ್ತದೆ.

ಒಂದೂವರೆ ಗಂಟೆಯ ಕೂಟದಲ್ಲಿ ಮೊದಲ ಇಪ್ಪತ್ತು ನಿಮಿಷ ಒಬ್ಬರು ಗಟ್ಟಿಯಾಗಿ ಓದುವುದು, ಆಮೇಲೆ ಅಷ್ಟೇ ಹೊತ್ತು ತಮಗೆ ಬೇಕಾದ್ದನ್ನು ಮೌನವಾಗಿ ಓದುವುದು, ಬಳಿಕ ಇಬ್ಬರು ಮೂವರು ತಲಾ ಎರಡು ನಿಮಿಷ ತಾವು ಓದಿದ್ದರ ಬಗ್ಗೆ ಮಾತನಾಡುವುದು, ಉಳಿದದ್ದೆಲ್ಲ ಬರವಣಿಗೆ ಮತ್ತು ಕೈಕೆಲಸಕ್ಕೆ. ಓದಿನ ಸ್ಪರ್ಧೆ, ಅಂಕ, ಬಹುಮಾನಗಳನ್ನು ಇಡದಿರುವುದೇ ಒಳ್ಳೆಯದು. ಶಾಲೆಯಲ್ಲಿ ಅವೆಲ್ಲ ಬೇಕಾದಷ್ಟಿವೆ, ಮತ್ತು ಅಲ್ಲಿ ಗೆಲ್ಲುವ ಮೂವರೇ ಇಲ್ಲಿಯೂ ಗೆದ್ದರೆ ಉಳಿದವರು ಬರುವುದನ್ನು ನಿಲ್ಲಿಸುತ್ತಾರೆ.

ಒಂಬತ್ತನೆಯ ತರಗತಿಗೆ ಬಂದರೂ ಸರಾಗವಾಗಿ ಓದಲಾರದ ಮಕ್ಕಳು ಪ್ರತಿ ಬಳಗದಲ್ಲಿಯೂ ಇರುತ್ತಾರೆ. ಅವರನ್ನು ಎಲ್ಲರ ಮುಂದೆ ಎಬ್ಬಿಸಿ ಓದಿಸಬಾರದು. ಗಟ್ಟಿಯಾಗಿ ಓದುವ ಸರದಿ ಕೇಳಿ ಪಡೆಯುವಂಥದ್ದಾಗಿರಲಿ. ಇಬ್ಬರು ಸೇರಿ ಒಂದು ಪುಸ್ತಕ ಓದುವ ಜೋಡಿಗಳನ್ನು ಮಾಡಿದರೆ, ಒಬ್ಬ ಓದುತ್ತ ಇನ್ನೊಬ್ಬ ಸಾಲಿನ ಮೇಲೆ ಕಣ್ಣಾಡಿಸುತ್ತ ಹೋಗುವುದರಲ್ಲಿ ಮುಜುಗರವಿಲ್ಲದೆ ಕಲಿಕೆ ನಡೆಯುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತು ಕನ್ನಡವನ್ನು ಅಕ್ಷರ ಅಕ್ಷರವಾಗಿ ಓದುವವರಿಗೂ ಇದೇ ದಾರಿ.

ಭಾಷೆಯ ವಿಷಯದಲ್ಲಿ ಗಡಿ ಜಿಲ್ಲೆಯವರಾದ ನಾವು ಸ್ವಲ್ಪ ಹೆಚ್ಚು ಯೋಚಿಸಬೇಕು. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಮನೆಮಾತು ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಪೇಟೆಗಳಲ್ಲಿ ಉರ್ದು. ಶಾಲೆಯ ಭಾಷೆ ಕನ್ನಡ ಅಥವಾ ಇಂಗ್ಲಿಷ್. ಮಗು ಓದಿದ ಕನ್ನಡ ಕಥೆಯನ್ನು ತನ್ನ ಮನೆಮಾತಿನಲ್ಲಿ ಹೇಳಲು ಬಿಟ್ಟರೆ ಕನ್ನಡಕ್ಕೆ ನಷ್ಟವಾಗುತ್ತದೆಂದು ಅಂಜುವವರಿದ್ದಾರೆ. ನಾನು ಕಂಡದ್ದು ಬೇರೆ. ಕಥೆಯನ್ನು ತೆಲುಗಿನಲ್ಲಿ ಅಜ್ಜಿಗೆ ಹೇಳಿ ಬಂದ ಹುಡುಗಿ ಮುಂದಿನ ವಾರ ಅಜ್ಜಿಯ ಕಥೆಯೊಂದನ್ನು ಕನ್ನಡದಲ್ಲಿ ಬರೆದು ತಂದಳು, ಮತ್ತು ತೆಲುಗಿನ ಒಂದು ಮಾತಿಗೆ ಸರಿಯಾದ ಕನ್ನಡ ಪದ ಯಾವುದೆಂದು ಬಳಗವೆಲ್ಲ ಅರ್ಧ ಗಂಟೆ ವಾದಿಸಿತು. ಅಷ್ಟು ಎಚ್ಚರದಿಂದ ಪದ ಹುಡುಕುವ ಕೆಲಸವನ್ನು ಯಾವ ವ್ಯಾಕರಣದ ತರಗತಿಯಲ್ಲೂ ನಾನು ನೋಡಿಲ್ಲ.

ಬರೆಯಿಸುವುದು, ಕಟ್ಟುವುದು

‘ಒಂದು ಕಥೆ ಬರೆಯಿರಿ’ ಎಂದರೆ ಯಾರೂ ಬರೆಯುವುದಿಲ್ಲ. ಬರೆದರೆ ಪಠ್ಯಪುಸ್ತಕದ ನೀತಿಕಥೆ ಬರುತ್ತದೆ. ಹೊರಗಿನಿಂದ ತರುವ ಕೆಲಸ ಕೊಡಬೇಕು. ಮೊದಲ ತಿಂಗಳು ಪ್ರತಿಯೊಬ್ಬರೂ ಮನೆಯ ಹಿರಿಯರಿಂದ ಮೂರು ಒಗಟು ತರಲಿ, ತೆಲುಗಿನ ಪೊಡುಪುಕಥೆಯಾದರೂ ಸರಿ, ಉರ್ದುವಿನ ಪಹೇಲಿಯಾದರೂ ಸರಿ, ಕನ್ನಡ ಲಿಪಿಯಲ್ಲಿ ಬರೆದು ತರಲಿ. ಎರಡನೆಯ ತಿಂಗಳು ತಮ್ಮ ಹೊಲ, ದಿಣ್ಣೆ, ಗುಂಡು ತೋಪು, ಕೆರೆಗಳಿಗೆ ಆ ಹೆಸರು ಬಂದದ್ದು ಹೇಗೆಂದು ಕೇಳಿ ತರಲಿ. ಆಮೇಲೆ ಸಂದರ್ಶನಕ್ಕೆ ಹೋಗಬಹುದು. ಕೆಜಿಎಫ್‌ನ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಗಣಿಯೊಳಗೆ ಇಳಿದು ದುಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದರ ಬಗ್ಗೆ ರೈತರು, ಮೀನು ಹಿಡಿಯುವವರು, ಬಟ್ಟೆ ಒಗೆಯುವವರು ಒಂದೇ ಮಾತನ್ನು ಹೇಳುವುದಿಲ್ಲ. ಐದು ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡು, ಇಬ್ಬರು ಹೋಗಿ, ಒಬ್ಬರು ಕೇಳಿ ಇನ್ನೊಬ್ಬರು ಬರೆದುಕೊಳ್ಳಬೇಕು. ‘ಹೌದು’, ‘ಇಲ್ಲ’ ಎಂಬ ಉತ್ತರ ಬರುವ ಪ್ರಶ್ನೆಗಳನ್ನು ಹೋಗುವ ಮುನ್ನವೇ ಹೊಡೆದುಹಾಕಿ.

ತಂದದ್ದೆಲ್ಲವೂ ಯಾರಾದರೂ ಓದುವಂಥ ರೂಪಕ್ಕೆ ಬರಬೇಕು, ಇಲ್ಲವಾದರೆ ಅದೂ ಹೋಮ್‌ವರ್ಕ್ ಆಗುತ್ತದೆ. ಇದಕ್ಕೆ ಎರಡು ರೂಪಗಳು ನಮ್ಮಲ್ಲಿ ಚೆನ್ನಾಗಿ ನಡೆದವು.

ಮೊದಲನೆಯದು ಗೋಡೆ ಪತ್ರಿಕೆ. ಎರಡು ದೊಡ್ಡ ಚಾರ್ಟ್ ಹಾಳೆಗಳನ್ನು ಜೋಡಿಸಿ ಅದರ ಮೇಲೆ ಎಂಟು ಹತ್ತು ಬರಹಗಳನ್ನು ಬೇರೆ ಬೇರೆ ಹಾಳೆಗಳಲ್ಲಿ ಬರೆದು ಅಂಟಿಸುವುದು. ನೇರವಾಗಿ ಚಾರ್ಟಿನ ಮೇಲೆ ಬರೆದರೆ ಒಂದು ತಪ್ಪಿಗೆ ಇಡೀ ಹಾಳೆ ಹಾಳು. ಅಕ್ಷರ ನಿಂತು ಓದುವವರಿಗೆ ಕಾಣುವಷ್ಟು ದಪ್ಪವಾಗಿರಬೇಕು, ಒಂದು ಬರಹ ನೂರೈವತ್ತು ಪದ ಮೀರಬಾರದು, ಪತ್ರಿಕೆಯನ್ನು ಚಿಕ್ಕವರ ಕಣ್ಣಿನ ಎತ್ತರಕ್ಕೆ ಅಂಟಿಸಬೇಕು. ಸಂಪಾದಕರು ಪ್ರತಿ ಸಂಚಿಕೆಗೂ ಬದಲಾಗಲಿ. ಕೈಬರಹ ಚೆಂದವಿರುವ ಹುಡುಗಿಯೊಬ್ಬಳೇ ಪ್ರತಿ ಸಲ ಎಲ್ಲರದ್ದನ್ನೂ ಬರೆದುಕೊಡುವ ಪರಿಪಾಠ ಬೆಳೆಯದಂತೆ ನೋಡಿಕೊಳ್ಳಿ; ಅದು ಅವಳ ಓದಿನ ಹೊತ್ತನ್ನು ತಿನ್ನುತ್ತದೆ. ಕಾಗುಣಿತವನ್ನು ತಿದ್ದಬಹುದು, ವಾಕ್ಯವನ್ನು ನಮ್ಮ ಶೈಲಿಗೆ ಬದಲಾಯಿಸಬಾರದು. ಹಳೆಯ ಸಂಚಿಕೆಗಳನ್ನು ಎಸೆಯದೆ ಸುತ್ತಿಟ್ಟು, ವರ್ಷದ ಕೊನೆಗೆ ಬರಹಗಳನ್ನು ಬಿಡಿಸಿ ಒಂದು ರಟ್ಟಿನ ನಡುವೆ ಹೊಲಿಸಿ, ಗ್ರಂಥಾಲಯದ ರಿಜಿಸ್ಟರಿನಲ್ಲಿ ಅದಕ್ಕೊಂದು ಸಂಖ್ಯೆ ಕೊಡಿಸಿ. ತಾವು ಬರೆದ ಪುಸ್ತಕ ಗ್ರಂಥಾಲಯದ ಮೊಹರು ಹೊತ್ತು ಕಪಾಟಿನಲ್ಲಿ ನಿಂತದ್ದನ್ನು ನೋಡಲು ಊರಿನ ಅರ್ಧ ಜನ ಬಂದಿದ್ದರು.

ಎರಡನೆಯದು ಒಂದೇ ಹಾಳೆಯ ಪುಸ್ತಕ. ಎ4 ಹಾಳೆಯೊಂದನ್ನು ಉದ್ದಕ್ಕೆ ಒಮ್ಮೆ ಮಡಚಿ ಬಿಚ್ಚಿ. ಅಡ್ಡಕ್ಕೆ ಸರಿಯಾಗಿ ಎರಡು ಭಾಗವಾಗಿ ಮಡಚಿ, ಮತ್ತೊಮ್ಮೆ ಅದೇ ಕಡೆಗೆ ಮಡಚಿ ಬಿಚ್ಚಿದರೆ ಎಂಟು ಮನೆಗಳು ಮೂಡುತ್ತವೆ. ಈಗ ಹಾಳೆಯನ್ನು ಅಡ್ಡಕ್ಕೆ ಒಂದು ಸಲ ಮಡಚಿ, ಮಡಿಕೆಯ ಅಂಚಿನಿಂದ ಆರಂಭಿಸಿ ಉದ್ದದ ನಡುಗೆರೆಯ ಮೇಲೆ ಒಂದು ಮನೆಯಷ್ಟು ಮಾತ್ರ ಕತ್ತರಿಸಬೇಕು. ಬಿಚ್ಚಿದಾಗ ಹಾಳೆಯ ನಡುವೆ ಎರಡು ಮನೆಯುದ್ದದ ಸೀಳು ಕಾಣುತ್ತದೆ. ಉದ್ದಕ್ಕೆ ಮಡಚಿ ಹಿಡಿದು ಎರಡೂ ತುದಿಗಳನ್ನು ಒಳಕ್ಕೆ ನೂಕಿದರೆ ಸೀಳು ಬಾಯಿ ತೆರೆದು, ಹಾಳೆಗಳು ಒಂದರ ಮೇಲೊಂದು ಕೂಡಿ, ಮುಖಪುಟ ಹಿಂಪುಟ ಸೇರಿ ಎಂಟು ಪುಟದ ಕಿರುಪುಸ್ತಕವಾಗುತ್ತದೆ. ಮೊದಲು ಖಾಲಿ ಪುಸ್ತಕ ಮಡಚಿ, ಪುಟ ಸಂಖ್ಯೆ ಹಾಕಿ, ಬಿಚ್ಚಿ ನೋಡಿದರೆ ಯಾವ ಪುಟ ತಲೆಕೆಳಗಾಗಿ ಬರೆಯಬೇಕೆಂದು ತಿಳಿಯುತ್ತದೆ. ಕಪ್ಪು ಶಾಯಿಯಲ್ಲಿ ಬರೆದ ಹಾಳೆಯ ಒಂದೇ ಬದಿಯನ್ನು ಜೆರಾಕ್ಸ್ ಮಾಡಿಸಿದರೆ ಸಾಕು, ಕೆಲವೇ ರೂಪಾಯಿಗೆ ಇಪ್ಪತ್ತು ಮಂದಿಗೆ ಹಂಚುವ ಪುಸ್ತಕ ಸಿದ್ಧ. ಕವಿತೆ, ಒಗಟು, ವ್ಯಂಗ್ಯಚಿತ್ರ ಇದಕ್ಕೆ ಹೇಳಿ ಮಾಡಿಸಿದಂತಿವೆ.

ನಾಟಕ ಓದುವುದನ್ನೂ ಸೇರಿಸಿಕೊಳ್ಳಬಹುದು. ಬಣ್ಣ, ವೇಷ, ಕಂಠಪಾಠ ಯಾವುದೂ ಇಲ್ಲದೆ, ಪುಸ್ತಕ ಕೈಯಲ್ಲಿ ಹಿಡಿದು ಪಾತ್ರ ಹಂಚಿಕೊಂಡು ಓದಿದರೆ ಸಾಕು. ವಾರ್ಷಿಕೋತ್ಸವಕ್ಕೆಂದು ತಿಂಗಳುಗಟ್ಟಲೆ ಅಭ್ಯಾಸಕ್ಕಿಳಿದರೆ ಓದು ಹಿಂದೆ ಬೀಳುತ್ತದೆ.

ಎಚ್ಚರಿಕೆಗಳು

ಬಳಗ ನಡೆಯುವಾಗ ಇಬ್ಬರು ದೊಡ್ಡವರು ಇರಲೇಬೇಕು, ಅವರಲ್ಲಿ ಒಬ್ಬರು ಮಹಿಳೆಯಾಗಿದ್ದರೆ ಒಳ್ಳೆಯದು. ಯಾವ ಮಗುವೂ ಒಬ್ಬ ಸ್ವಯಂಸೇವಕರೊಂದಿಗೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಉಳಿಯಬಾರದು. ಮಕ್ಕಳ ಫೋಟೊಗಳನ್ನು ವಾಟ್ಸಾಪ್ ಗುಂಪುಗಳಿಗೆ ಹಾಕುವ ಮುನ್ನ ಅವರನ್ನೂ ಮನೆಯವರನ್ನೂ ಕೇಳಬೇಕು. ಪುಸ್ತಕ ದಾನ ಮಾಡಿದವರು ಫೋಟೊ ಬೇಕೆಂದರೆ ಕಪಾಟಿನ ಫೋಟೊ ಕಳಿಸಿದರಾಯಿತು.

ಬರೆಯುವ ಬಳಗದಲ್ಲಿ ಮಾತ್ರ ಎದುರಾಗುವ ಇನ್ನೊಂದು ಸಂಗತಿ ಇದೆ. ನಂಬಿಕೆ ಬೆಳೆದ ಮೇಲೆ ಮಕ್ಕಳು ಮನೆಯ ಹೊಡೆತ, ಕುಡಿತ, ಓದು ಬಿಡಿಸಿ ಮದುವೆ ಮಾಡುವ ಮಾತು, ಇವನ್ನೆಲ್ಲ ಬರೆಯುತ್ತಾರೆ. ಅಂಥ ಬರಹವನ್ನು ಚೆನ್ನಾಗಿದೆಯೆಂದು ಹೊಗಳಿ ಗೋಡೆಗೆ ಅಂಟಿಸಬಾರದು. ಬರೆದವರೊಂದಿಗೆ ಪಕ್ಕದಲ್ಲಿ, ಇತರರಿಗೆ ಕಾಣುವ ಆದರೆ ಕೇಳಿಸದ ದೂರದಲ್ಲಿ ಕುಳಿತು ಮಾತನಾಡಬೇಕು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬಾರದು, ಏಕೆಂದರೆ ಮಗು ಅಪಾಯದಲ್ಲಿದ್ದರೆ ಹೇಳಬೇಕಾಗುತ್ತದೆ. ಮಕ್ಕಳ ಸಹಾಯವಾಣಿ 1098ರ ಸಂಖ್ಯೆ ಗೋಡೆಯ ಮೇಲೆ ಮೊದಲ ದಿನದಿಂದಲೇ ಇರಲಿ.

ವರ್ಷದ ಲೆಕ್ಕ

ಜೂನ್ ಕೊನೆಯ ಹೊತ್ತಿಗೆ ಶಾಲೆಗಳು ಒಂದು ಹದಕ್ಕೆ ಬಂದಿರುತ್ತವೆ. ಬಳಗವನ್ನು ಆಗ ಆರಂಭಿಸಬೇಕು. ದಸರಾ ರಜೆಯಲ್ಲಿ ಸಂದರ್ಶನಗಳನ್ನು ಮುಗಿಸಿದರೆ, ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹದಲ್ಲಿ ಗೋಡೆ ಪತ್ರಿಕೆಯ ವಿಶೇಷ ಸಂಚಿಕೆಯನ್ನು ಊರಿಗೆ ತೋರಿಸಬಹುದು. ಆ ದಿನ ವೇದಿಕೆಯ ಮೇಲೆ ಗಣ್ಯರ ಸಾಲು ಹಾಕಿ, ಬರೆದ ಮಕ್ಕಳನ್ನು ಪ್ರಾರ್ಥನೆಗೂ ಹೂಗುಚ್ಛ ಕೊಡುವುದಕ್ಕೂ ನಿಲ್ಲಿಸುವ ಕಾರ್ಯಕ್ರಮಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಅತಿಥಿಗಳು ಕೆಳಗೆ ಕುಳಿತು ಮಕ್ಕಳು ಓದುವುದನ್ನು ಕೇಳಲಿ. ಜನವರಿಯಿಂದ ಮಾರ್ಚ್‌ವರೆಗೆ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಯವರನ್ನು ಬಲವಂತವಾಗಿ ಕರೆಯಬಾರದು. ಅದೇ ಜಾಗವನ್ನು ಅವರಿಗೆ ಓದಿಕೊಳ್ಳಲು ಬಿಟ್ಟು, ಎಂಟು ಮತ್ತು ಒಂಬತ್ತನೆಯ ತರಗತಿಯವರು ಬಳಗವನ್ನು ನಡೆಸಿಕೊಂಡು ಹೋಗಲಿ. ಬೇಸಿಗೆಯಲ್ಲಿ ಹತ್ತು ದಿನದ ಶಿಬಿರ ಸಾಕು. ಒಂದು ತಿಂಗಳು ಎಂದು ಘೋಷಿಸಿದರೆ ಎರಡನೆಯ ವಾರಕ್ಕೆ ಮಕ್ಕಳೆಲ್ಲ ನೆಂಟರ ಮನೆಯಲ್ಲೋ ಮಾವಿನ ತೋಪಿನಲ್ಲೋ ಇರುತ್ತಾರೆ.

ಹಾಜರಿ ಪುಸ್ತಕಕ್ಕಿಂತ ಒಂದು ಸಾಧಾರಣ ನೋಟ್‌ಬುಕ್ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪ್ರತಿ ವಾರ ದಿನಾಂಕ, ಬಂದವರ ಹೆಸರು, ಗಟ್ಟಿಯಾಗಿ ಓದಿದ್ದು ಯಾವುದು, ಯಾರು ಯಾವ ಪುಸ್ತಕ ಮನೆಗೆ ಒಯ್ದರು, ಅಂದು ಏನು ಕೆಟ್ಟಿತು ಎಂಬುದನ್ನು ಸರದಿಯ ಮೇಲೆ ಮಕ್ಕಳೇ ಬರೆಯಲಿ. ಮೂರು ವಾರ ಕಾಣದವರ ಮನೆಗೆ ಬಳಗದವರೇ ಒಮ್ಮೆ ಹೋಗಿ ಬರಲಿ, ಜೊತೆಗೆ ಒಂದು ಪುಸ್ತಕ ಒಯ್ಯಲಿ. ಮಳೆಗೋ ಜಾತ್ರೆಗೋ ಯಾವುದೋ ವಾರ ಇಬ್ಬರೇ ಬಂದರೂ ಕೂಟವನ್ನು ರದ್ದು ಮಾಡಬೇಡಿ. ನಡೆದು ಬಂದವರ ಎದುರು ಬೀಗ ಹಾಕಿದ ಬಾಗಿಲು ಒಮ್ಮೆ ಕಂಡರೆ, ಆ ಇಬ್ಬರನ್ನು ಪುನಃ ಕರೆತರಲು ಎರಡು ತಿಂಗಳು ಹಿಡಿಯುತ್ತದೆ. ದ್ವಿತೀಯ ಪಿಯುಸಿ ಮುಗಿಸಿ ಬೆಂಗಳೂರಿಗೆ ಹೊರಡುವವರು ಆ ನೋಟ್‌ಬುಕ್ಕನ್ನೂ ಬಳಗದ ಕಪಾಟಿನ ಜವಾಬ್ದಾರಿಯನ್ನೂ ಒಂಬತ್ತನೆಯ ತರಗತಿಯ ಯಾರಿಗಾದರೂ ಒಪ್ಪಿಸಿ, ಒಪ್ಪಿಸಿದ ದಿನಾಂಕವನ್ನು ಅದರಲ್ಲಿಯೇ ಬರೆದು ಸಹಿ ಹಾಕಿ ಹೋಗಲಿ.